ಪೆನ್ನು ಬೆರಳಲ್ಲ ಮಾರಾಯ್ರೆ

ಹೋದ ವರ್ಷ ಅಕ್ಟೋಬರ್ 29, ಸಂಜೆ ಆರೂವರೆ. ಸಾಗರದ ಒಂದು ಆಟೋ ಸ್ಟ್ಯಾಂಡಿನವರು ರಾಜ್ಯೋತ್ಸವಕ್ಕೆ 60 ಟೀ ಶರ್ಟ್ ಮಾಡಿಸುತ್ತಿದ್ದರು. ಹಳದಿ ಬಟ್ಟೆ, ಕೆಂಪು ಅಕ್ಷರ. ಎದೆಯ ಮೇಲೆ ಬರುವ 'ಕನ್ನಡ ರಾಜ್ಯೋತ್ಸವ' ಬರೆದುಕೊಡುವ ಕೆಲಸ ನನ್ನದು. "ಫಾಂಟ್ ಬೇಡ ಅಕ್ಕಾ, ಕೈಯಲ್ಲೇ ಬರೆದುಕೊಡಿ" ಅಂತ ಅವರೇ ಕೇಳಿದ್ದರು, ಆ ಒಂದು ಮಾತಿನ ಖುಷಿಗೇ ನಾನು ಒಪ್ಪಿಕೊಂಡಿದ್ದು. ಕರಡು ತೋರಿಸಿ, ಅವರು ಹೂಂ ಅಂದು ನಾಲ್ಕು ದಿನ ಆಗಿತ್ತು. ಇನ್ನು ಒಂದು ಸಲ ನೀಟಾಗಿ ಬರೆದು ಶಿವಮೊಗ್ಗದ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಕಳಿಸಿದರೆ ಮುಗೀತು. ಎರಡು ಗಂಟೆಯ ಕೆಲಸ. ಊಟಕ್ಕೆ ಮುಂಚೆ ಮುಗಿಸಿಬಿಡೋಣ ಅಂತ ಕೂತೆ.

ಲ್ಯಾಪ್‌ಟಾಪ್ ತೆರೆದರೆ, ಮಧ್ಯಾಹ್ನ ಯಾವಾಗಲೋ ಅದು ತಾನೇ ಅಪ್‌ಡೇಟ್ ಆಗಿ, ತಾನೇ ಆಫ್ ಆಗಿ, ತಾನೇ ಆನ್ ಆಗಿ, ಏನೂ ಗೊತ್ತಿಲ್ಲದ ಮಗುವಿನ ಹಾಗೆ ಕೂತಿತ್ತು. ಟ್ಯಾಬ್ಲೆಟ್ಟಿನ ಡ್ರೈವರ್, ಅಂದರೆ ಅದರ ಮಾತನ್ನು ಕಂಪ್ಯೂಟರಿಗೆ ತಲುಪಿಸುವ ಸಾಫ್ಟ್‌ವೇರ್, ಕೂಡ ಹೊಸದಾಗಿದೆ ಅಂತ ಮೂಲೆಯಲ್ಲಿ ಒಂದು ಸಣ್ಣ ಸೂಚನೆ. (ಟ್ಯಾಬ್ಲೆಟ್ ಅಂದರೆ ಪೆನ್ನಿನಲ್ಲಿ ಬರೆದದ್ದನ್ನು ಕಂಪ್ಯೂಟರಿಗೆ ಕಳಿಸುವ ಹಲಗೆ. ನಮ್ಮಮ್ಮನಿಗೆ ಮಾತ್ರ ಇವತ್ತಿಗೂ ಅದು ಮಾತ್ರೆಯೇ. "ನಿನ್ನ ಟ್ಯಾಬ್ಲೆಟ್ ಎಷ್ಟು ದುಬಾರಿ" ಅಂತ ನೆಂಟರ ಹತ್ತಿರ ಹೇಳಿ ಒಮ್ಮೆ ಎಲ್ಲರೂ ನನಗೇನೋ ದೊಡ್ಡ ಕಾಯಿಲೆ ಅಂದುಕೊಂಡಿದ್ದರು.) ಹೊಸದಾದರೆ ಒಳ್ಳೆಯದೇ ಅಲ್ವಾ ಅಂದುಕೊಂಡು ಪೆನ್ನು ಎತ್ತಿ ಮೊದಲ 'ಕ' ಬರೆದೆ.

ಗೆರೆಯೇನೋ ಬಂತು. ಆದರೆ ಹಗ್ಗ ಹಾಸಿದ ಹಾಗೆ, ಶುರುವಿನಿಂದ ಕೊನೆಯವರೆಗೆ ಒಂದೇ ದಪ್ಪ. ಮೆತ್ತಗೆ ಒತ್ತಿದರೂ ಅಷ್ಟೇ, ಜೋರಾಗಿ ಒತ್ತಿದರೂ ಅಷ್ಟೇ. ಇನ್ನೊಂದು ಕಾಟ ಅಂದರೆ ಪೆನ್ನು ಊರಿದ ಕೂಡಲೇ ಗೆರೆ ಹೊರಡುತ್ತಿರಲಿಲ್ಲ. ಒಂದು ಗಳಿಗೆ ತಡೆದು ನಿಂತು, ಆಮೇಲೆ ಒಮ್ಮೆಲೇ ಹಾರಿ, ನನ್ನ ಕೈ ಆಗಲೇ ತಲುಪಿದ್ದ ಜಾಗಕ್ಕೆ ನೆಟ್ಟಗೆ ಎಳೆದುಕೊಂಡು ಬರುತ್ತಿತ್ತು. ಇಂಗ್ಲಿಷಿನಲ್ಲಿ ಎಷ್ಟೋ ಅಕ್ಷರ ನೆಟ್ಟನೆಯ ಗೆರೆಯಿಂದ ಶುರುವಾಗುತ್ತವೆ, ಅಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳಲಿಕ್ಕಿಲ್ಲ. ನಮ್ಮ 'ಅ', 'ಇ', 'ಜ' ನೋಡಿ. ಶುರುವೇ ಸುಳಿ. ಆ ಸುಳಿಯಲ್ಲಿ ಮೊದಲ ನಾಲ್ಕು ಚುಕ್ಕಿ ಕಳೆದುಹೋದರೆ ಅಕ್ಷರಕ್ಕೆ ಮೂಗು ಮುರಿದ ಹಾಗೆ ಕಾಣುತ್ತದೆ.

ಅದರಲ್ಲೂ 'ರಾಜ್ಯೋತ್ಸವ' ಅನ್ನುವ ಪದ ಕೈಬರಹದವರಿಗೆ ಹಬ್ಬದೂಟ. 'ಜ್ಯೋ'ದ ಯ ಒತ್ತು ಇದೆಯಲ್ಲ, ಅದನ್ನು ನಾನು ಕರಡಿನಲ್ಲಿ ಇಡೀ ಪದದ ಅಡಿಗೆ ಬಾವುಟದ ಹಾಗೆ ಹಾಸಿದ್ದೆ. ಕೂದಲೆಳೆಯಷ್ಟು ಸಣ್ಣಗೆ ಶುರುವಾಗಿ, ನಡುವೆ ಹೊಟ್ಟೆ ಬಿಟ್ಟುಕೊಂಡು, 'ವ'ದ ಹತ್ತಿರ ಬರುವಷ್ಟರಲ್ಲಿ ಮತ್ತೆ ಕೂದಲೆಳೆ ಆಗಬೇಕು. ಒಂದೇ ಉಸಿರಿನಲ್ಲಿ ಎಳೆಯುವ ಗೆರೆ ಅದು. ಒತ್ತಡ ಗೊತ್ತಾಗದ ಪೆನ್ನಿನಲ್ಲಿ ಎಳೆದರೆ ಬಟ್ಟೆ ಒಣಗಿಸುವ ತಂತಿ ಅಷ್ಟೇ.

ಯಾವ ಕಂಪನಿ ಅಂತ ಹೇಳಲ್ಲ. ಹೇಳಿದರೆ "ಅಯ್ಯೋ ನಮ್ಮದು ಅದಲ್ಲ, ನಮಗೆ ತೊಂದರೆ ಇಲ್ಲ" ಅಂತ ಕೆಲವರು ಇಲ್ಲಿಗೇ ಓದುವುದು ನಿಲ್ಲಿಸುತ್ತೀರಿ. ತೊಂದರೆ ಎಲ್ಲರಿಗೂ ಒಂದಲ್ಲ ಒಂದು ವರ್ಷ ಬಂದೇ ಬರುತ್ತದೆ, ಮುಂದೆ ಹೇಳುತ್ತೇನೆ.

ಕೇಬಲ್ ತೆಗೆದು ಹಾಕಿದೆ. ರೀಸ್ಟಾರ್ಟ್ ಮಾಡಿದೆ. ನಿಬ್ಬು ಬದಲಾಯಿಸಿದೆ. ಕಂಪನಿಯ ಗ್ರಾಹಕ ಸೇವೆಗೆ ಚಾಟ್ ಮಾಡಿದರೆ "ಕೇಬಲ್ ತೆಗೆದು ಮತ್ತೆ ಹಾಕಿ ನೋಡಿದಿರಾ" ಅಂದರು. ಆಮೇಲೆ "ಸಮಸ್ಯೆಯ ವಿಡಿಯೋ ಕಳಿಸಿ" ಅಂದರು. ನಾನು ಜೋರಾಗಿ ಒತ್ತುತ್ತಿದ್ದೇನೆ ಅನ್ನುವುದು ವಿಡಿಯೋದಲ್ಲಿ ಹೇಗೆ ಕಾಣಬೇಕು? ಹಲ್ಲು ಕಚ್ಚಿಕೊಂಡ ಮುಖವನ್ನೂ ಸೇರಿಸಿ ತೆಗೆಯಬೇಕಿತ್ತೇನೋ. ಎಂಟೂವರೆಗೆ ಆಟೋ ಸ್ಟ್ಯಾಂಡಿನ ಹುಡುಗನ ಫೋನು.

"ಅಕ್ಕಾ, ಆಯ್ತಾ?"

"ಆಗ್ತಾ ಇದೆ ತಮ್ಮಾ, ಪೆನ್ನು ಸ್ವಲ್ಪ ಕೈಕೊಟ್ಟಿದೆ."

"ಬೇರೆ ಪೆನ್ನು ತಂದುಕೊಡ್ಲಾ? ಇಲ್ಲೇ ಬಸ್ ಸ್ಟ್ಯಾಂಡ್ ಹತ್ರ ಇದ್ದೀನಿ."

ಪಾಪ, ಅವನದು ಒಳ್ಳೆಯ ಮನಸ್ಸು. ಏನಂತ ವಿವರಿಸಲಿ?

ಕೊನೆಗೆ ಮೌಸ್ ಹಿಡಿದು ಕೂತೆ. ಕರಡಿನ ಮೇಲೆ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಬಾಗು ಎಳೆದು, ಪ್ರತಿ ಬಾಗಿನ ಎರಡೂ ಬದಿಯನ್ನು ಬೇರೆ ಬೇರೆ ಸರಿಸಿ, ದಪ್ಪ ಸಣ್ಣ ಅನ್ನುವುದನ್ನು ಕೈಯಲ್ಲಿ ತಂದೆ. ರಂಗೋಲಿಯನ್ನು ಇಕ್ಕಳದಲ್ಲಿ ಹಾಕಿದ ಹಾಗೆ. ರಾತ್ರಿ ಎರಡು ಗಂಟೆಗೆ ಅಂಗಡಿಯವರ ವಾಟ್ಸಾಪಿಗೆ ಹಾಕಿದೆ. (ಫೋಟೋ ಅಂತ ಹಾಕಬೇಡಿ, ಡಾಕ್ಯುಮೆಂಟ್ ಅಂತ ಹಾಕಿ. ಫೋಟೋ ಅಂತ ಹಾಕಿದರೆ ಅದು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ. ಇದು ಈ ಕಥೆಗೆ ಸಂಬಂಧವಿಲ್ಲ, ಆದರೂ ಹೇಳಿರುತ್ತೇನೆ.) ನವೆಂಬರ್ ಒಂದಕ್ಕೆ ಅರವತ್ತೂ ಜನ ಅದನ್ನು ಹಾಕಿಕೊಂಡು ಮೆರವಣಿಗೆಯಲ್ಲಿ ಹೋದರು. ನಾನು ರಸ್ತೆ ಬದಿಗೆ ನಿಂತು ನೋಡಿದೆ. ಅಕ್ಷರ ಎಲ್ಲ ಸರಿಯಾಗಿಯೇ ಇದ್ದವು. ಇಸ್ತ್ರಿ ಹಾಕಿದ ಹಾಗೆ ಇದ್ದವು. ಆ ಯ ಒತ್ತಿನಲ್ಲಿ ಉಸಿರೇ ಇರಲಿಲ್ಲ. ಅರವತ್ತರಲ್ಲಿ ಒಬ್ಬರಿಗೂ ಅದು ಗೊತ್ತಾದ ಹಾಗೆ ಕಾಣಲಿಲ್ಲ.

ಕಾರಣ ಗೊತ್ತಾಗಿದ್ದು ಆಮೇಲೆ, ನವೆಂಬರ್ ಎರಡಕ್ಕೆ. ಹೊಸ ಡ್ರೈವರ್ ಬರುವಾಗ ನನ್ನ ಹಳೆಯ ಸೆಟ್ಟಿಂಗನ್ನೆಲ್ಲ ಒರೆಸಿ, ಒಂದು ಟಿಕ್ ಗುರುತನ್ನು ತೆಗೆದುಹಾಕಿತ್ತು. ಒಂದೇ ಒಂದು ಟಿಕ್. ಹಾಕಿದೆ, ಒತ್ತಡ ವಾಪಸ್ ಬಂತು. ಎರಡು ಸೆಕೆಂಡಿನ ಕೆಲಸ.

ಆ ಟಿಕ್ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಲು ಹೋಗಿ ನಾನು ಒಂದು ವಾರ ಮುಳುಗಿಹೋದೆ. ಹತ್ತು ವರ್ಷದಿಂದ ಈ ಪೆನ್ನು ಹಿಡಿದಿದ್ದೇನೆ, ಒಳಗೆ ಏನಿದೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಬ್ಯಾಟರಿ ಇಲ್ಲದ ಪೆನ್ನುಗಳ ಒಳಗೆ ಇರುವುದು ಒಂದು ತಂತಿ ಸುರುಳಿ ಮತ್ತೆ ಚೂರುಪಾರು ಭಾಗ. ಟ್ಯಾಬ್ಲೆಟ್ಟಿನ ಹಲಗೆಯ ಕೆಳಗೆ ತಂತಿಯ ಬಲೆ ಇರುತ್ತದೆ. ಬಲೆ ಒಂದು ಅಲೆ ಕಳಿಸುತ್ತದೆ, ಪೆನ್ನಿನ ಸುರುಳಿ ಅದರಿಂದಲೇ ಶಕ್ತಿ ತೆಗೆದುಕೊಂಡು ಉತ್ತರ ಕೊಡುತ್ತದೆ. ಉತ್ತರ ಬಲೆಯಲ್ಲಿ ಎಲ್ಲಿ ಜೋರಾಗಿ ಕೇಳಿಸಿತು ಅನ್ನುವುದರಿಂದ ಪೆನ್ನು ಎಲ್ಲಿದೆ ಅಂತ ಗೊತ್ತಾಗುತ್ತದೆ. ನಿಬ್ಬು ಎಷ್ಟು ಒಳಗೆ ಒತ್ತಿದೆ ಅನ್ನುವುದಕ್ಕೆ ಆ ಉತ್ತರವೇ ಸ್ವಲ್ಪ ಬದಲಾಗುತ್ತದೆ. ಒಳ್ಳೆಯ ಹಲಗೆಯಾದರೆ ಇದು ಸೆಕೆಂಡಿಗೆ 200 ಸಲ, ಕೆಲವದರಲ್ಲಿ ಇನ್ನೂ ಹೆಚ್ಚು ಸಲ ನಡೆಯುತ್ತದೆ. ಒತ್ತಡವನ್ನು 8192 ಮೆಟ್ಟಿಲಾಗಿ ಅಳೆಯುತ್ತೇವೆ ಅಂತ ಎಷ್ಟೋ ಡಬ್ಬಗಳ ಮೇಲೆ ಬರೆದಿರುತ್ತದೆ. ಪೆನ್ನು ತಾಗದೆ ಒಂದು ಸೆಂಟಿಮೀಟರ್ ಮೇಲೆ ತೇಲುತ್ತಿದ್ದರೂ ಅದಕ್ಕೆ ಗೊತ್ತು. ಜಪಾನಿನ ವಾಕಾಮ್ ಕಂಪನಿ ಈ ಬ್ಯಾಟರಿ ಇಲ್ಲದ ಪೆನ್ನಿಗೆ ಹೆಸರುವಾಸಿ, ಆ ಕಂಪನಿ ಶುರುವಾಗಿದ್ದು 1983ರಲ್ಲಿ.

ಅಂದರೆ ಪೆನ್ನು, ಹಲಗೆ ಎರಡೂ ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡುತ್ತವೆ. ಗಲಾಟೆ ಶುರುವಾಗುವುದು ಅದರ ಮೇಲೆ. ಹಲಗೆ ಹೇಳಿದ್ದನ್ನು ಡ್ರೈವರ್ ಕೇಳಿಸಿಕೊಳ್ಳಬೇಕು, ಡ್ರೈವರ್ ಹೇಳಿದ್ದನ್ನು ಆಪರೇಟಿಂಗ್ ಸಿಸ್ಟಮ್, ಅದು ಹೇಳಿದ್ದನ್ನು ಚಿತ್ರದ ಸಾಫ್ಟ್‌ವೇರ್. ನಾಲ್ಕು ಜನರ ಬಾಯಿಂದ ಬಾಯಿಗೆ ಹೋಗುವ ಮಾತು. ನಾಲ್ವರೂ ಬೇರೆ ಬೇರೆ ದಿನ ಅಪ್‌ಡೇಟ್ ಆಗುತ್ತಾರೆ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ.

ವಿಂಡೋಸ್‌ನಲ್ಲಿ ಈ ಮಾತು ಹೋಗಲು ಎರಡು ದಾರಿ ಇದೆ. ಹಳೆಯ ದಾರಿ ವಿನ್‌ಟ್ಯಾಬ್, 1990ರ ದಶಕದ ಆರಂಭದ್ದು. ಎಂಜಿನಿಯರುಗಳು ನಕ್ಷೆ ಬರೆಯುತ್ತಿದ್ದ ದೊಡ್ಡ ದೊಡ್ಡ ಹಲಗೆಗಳ ಕಾಲದಿಂದ ಬಂದದ್ದು. ಹೊಸ ದಾರಿ ಮೈಕ್ರೋಸಾಫ್ಟ್‌ನದ್ದೇ. 2002ರಲ್ಲಿ ವಿಂಡೋಸ್ ಎಕ್ಸ್‌ಪಿಯ ಟ್ಯಾಬ್ಲೆಟ್ ಪಿಸಿ ಆವೃತ್ತಿಯ ಜೊತೆ ಶುರುವಾಗಿ, 2016ರಲ್ಲಿ ವಿಂಡೋಸ್ ಇಂಕ್ ಅನ್ನುವ ಹೆಸರು ಪಡೆಯಿತು. ಚಿತ್ರದ ಸಾಫ್ಟ್‌ವೇರುಗಳಲ್ಲಿ ಕೆಲವು ಈ ದಾರಿ, ಕೆಲವು ಆ ದಾರಿ, ಕೆಲವು ಎರಡನ್ನೂ ಕೊಟ್ಟು ನೀವೇ ಆರಿಸಿಕೊಳ್ಳಿ ಅನ್ನುತ್ತವೆ. ಕ್ರಿತಾದಲ್ಲಿ, ಕ್ಲಿಪ್ ಸ್ಟುಡಿಯೋದಲ್ಲಿ ಈ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಡ್ರೈವರ್ ಒಂದು ದಾರಿಯಲ್ಲಿ ಕಳಿಸುತ್ತಿದ್ದು, ಸಾಫ್ಟ್‌ವೇರ್ ಇನ್ನೊಂದು ದಾರಿಯ ತುದಿಯಲ್ಲಿ ಕಾಯುತ್ತಾ ನಿಂತಿದ್ದರೆ? ಗೆರೆ ಬರುತ್ತದೆ, ಒತ್ತಡ ಬರುವುದಿಲ್ಲ. ಪೆನ್ನು ಬರೀ ಮೌಸ್ ಆಗಿಬಿಡುತ್ತದೆ.

ಈ ಎರಡು ದಾರಿಯ ಜಗಳ ಬೀದಿಗೆ ಬಂದಿದ್ದು 2017ರಲ್ಲಿ. ಅಕ್ಟೋಬರ್ 17ಕ್ಕೆ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಬಂತು. ನಮಗೆ ದೀಪಾವಳಿ ಇದ್ದದ್ದೂ ಅದೇ ವಾರ. ಹೆಸರು ಏನು ಗೊತ್ತಾ? ಫಾಲ್ ಕ್ರಿಯೇಟರ್ಸ್ ಅಪ್‌ಡೇಟ್. ಕ್ರಿಯೇಟರ್ಸ್ ಅಂತೆ! ಅಲ್ಲಿಯವರೆಗೆ ಪೆನ್ನು ಊರಿ ಎಳೆದರೆ ಮೌಸ್ ಒತ್ತಿ ಎಳೆದ ಹಾಗೆ ಆಗುತ್ತಿತ್ತು. ಸಾಲು ಆಯ್ಕೆ ಆಗುತ್ತಿತ್ತು, ಫೈಲು ಎಳೆದು ಇನ್ನೊಂದು ಕಡೆ ಹಾಕಬಹುದಿತ್ತು. ಆ ಅಪ್‌ಡೇಟ್ ಆದಮೇಲೆ ಪೆನ್ನು ಊರಿ ಎಳೆದರೆ ಪುಟ ಜಾರತೊಡಗಿತು. ಬೆರಳಲ್ಲಿ ಮೊಬೈಲ್ ಪರದೆ ಸರಿಸುತ್ತೇವಲ್ಲ, ಹಾಗೆ. ಬೆರಳು ಮಾಡುವುದನ್ನು ಪೆನ್ನೂ ಮಾಡಲಿ ಅಂತ ಒಂದು ತೀರ್ಮಾನ ಆಗಿತ್ತು.

ಟಚ್ ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ನೋಟ್ಸ್ ಬರೆಯುವವರಿಗೆ ಇದು ಚೆನ್ನಾಗಿಯೇ ಇದೆ, ಇಲ್ಲ ಅನ್ನಲ್ಲ. ಆದರೆ ಚಿತ್ರ ಬರೆಯುವವರು ದಿನವಿಡೀ ಪೆನ್ನನ್ನು ಕೈಯಿಂದ ಕೆಳಗೇ ಇಡುವುದಿಲ್ಲ. ಬಣ್ಣ ಆರಿಸುವುದೂ ಅದರಲ್ಲೇ, ಪದರ ಮೇಲೆ ಕೆಳಗೆ ಮಾಡುವುದೂ ಅದರಲ್ಲೇ, ಹತ್ತು ಫೈಲು ಒಟ್ಟಿಗೆ ಹಿಡಿದು ಎಳೆಯುವುದೂ ಅದರಲ್ಲೇ. ಎಳೆಯುವುದು ಅನ್ನುವ ಒಂದೇ ಕ್ರಿಯೆಯ ಅರ್ಥವನ್ನು ಬದಲಾಯಿಸಿದರೆ, ದಿನಕ್ಕೆ ಸಾವಿರ ಸಲ ಮಾಡುವ ಕೆಲಸದ ಅರ್ಥವೇ ಬದಲಾಯಿತು. ಮನೆಯಲ್ಲಿ ಯಾರೋ ರಾತ್ರೋರಾತ್ರಿ ಉಪ್ಪಿನ ಡಬ್ಬಕ್ಕೆ ಸಕ್ಕರೆ ತುಂಬಿಟ್ಟ ಹಾಗೆ.

ಆಮೇಲೆ ಶುರುವಾಯಿತು ನೋಡಿ ಮೋಜು. ಡ್ರೈವರ್ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಇಂಕ್ ಅನ್ನುವ ಟಿಕ್ (ನನ್ನಲ್ಲಿ ಕಳೆದುಹೋಗಿದ್ದ ಟಿಕ್ ಇದೇ) ತೆಗೆದರೆ ಎಳೆಯುವುದು ಮೊದಲಿನ ಹಾಗೆ ಆಗುತ್ತಿತ್ತು. ಆದರೆ ಫೋಟೋಶಾಪ್ ಅಷ್ಟರಲ್ಲಿ ಒತ್ತಡ ತಿಳಿಯಲು ಇಂಕ್ ದಾರಿಗೇ ಬಂದು ನಿಂತಿತ್ತು, ಹಾಗಾಗಿ ಅಲ್ಲಿ ಒತ್ತಡ ಹೋಗುತ್ತಿತ್ತು. ಒತ್ತಡ ಬೇಕಾದರೆ ಟಿಕ್ ಹಾಕಿ, ಎಳೆಯುವುದು ಬೇಕಾದರೆ ಟಿಕ್ ತೆಗೆಯಿರಿ. ಅತ್ತ ದರಿ ಇತ್ತ ಪುಲಿ. ಇದಕ್ಕೆ ಒಂದು ಕಳ್ಳದಾರಿ ಇತ್ತು, ಈಗಲೂ ಅದನ್ನು ಬಳಸುವವರಿದ್ದಾರೆ. ಪಿಎಸ್‌ಯೂಸರ್‌ಕಾನ್ಫಿಗ್ ಅನ್ನುವ ಹೆಸರಲ್ಲಿ ಒಂದು ಟೆಕ್ಸ್ಟ್ ಫೈಲು ಮಾಡಿ, ಅದರಲ್ಲಿ ಯೂಸ್‌ಸಿಸ್ಟಮ್‌ಸ್ಟೈಲಸ್ 0 ಅಂತ ಒಂದು ಸಾಲು ಬರೆದು, ಫೋಟೋಶಾಪಿನ ಸೆಟ್ಟಿಂಗ್ಸ್ ಫೋಲ್ಡರಿನಲ್ಲಿ ಇಟ್ಟರೆ ಅದು ವಿನ್‌ಟ್ಯಾಬ್ ದಾರಿಗೆ ಹೋಗುತ್ತದೆ. ಹೆಸರನ್ನು ಇಂಗ್ಲಿಷಿನಲ್ಲಿ ಅಕ್ಷರ ತಪ್ಪದೆ ಬರೆಯಬೇಕು ಮತ್ತೆ. ಚಿತ್ರ ಬರೆಯುವವರು ಟೆಕ್ಸ್ಟ್ ಫೈಲಿನಲ್ಲಿ ಸೊನ್ನೆ ಬರೆದು ತಮ್ಮ ಕೈಯನ್ನು ತಾವೇ ವಾಪಸ್ ಪಡೆಯಬೇಕು, ಇದು ಪರಿಸ್ಥಿತಿ.

ಮೈಕ್ರೋಸಾಫ್ಟ್ ಕಡೆಯಿಂದ 2018ರ ಏಪ್ರಿಲ್ ಅಪ್‌ಡೇಟ್ ಹೊತ್ತಿಗೆ ಒಂದು ಪರಿಹಾರ ಬಂತು. ರಿಜಿಸ್ಟ್ರಿಯೊಳಗೆ ಹೋಗಿ, ಲೆಗಸಿಪೆನ್‌ಇಂಟರಾಕ್ಷನ್‌ಮಾಡೆಲ್ ಅಂತ ಒಂದು ಹೆಸರು ಸೇರಿಸಿ, ಅದಕ್ಕೆ 1 ಅಂತ ಕೊಡಬೇಕು. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗನ್ನೆಲ್ಲ ಬರೆದಿಟ್ಟುಕೊಳ್ಳುವ ಕಡತ, ಒಂದು ಅಕ್ಷರ ತಪ್ಪಿದರೆ ಕಂಪ್ಯೂಟರ್ ಮಲಗುವ ಜಾಗ. ಮುಂದಿನ ಆವೃತ್ತಿಗಳಲ್ಲಿ ಪೆನ್ನಿನ ಸೆಟ್ಟಿಂಗ್ಸ್‌ನಲ್ಲೇ, ಕೆಲವು ಆ್ಯಪ್‌ಗಳಲ್ಲಿ ಪೆನ್ನನ್ನು ಮೌಸ್ ಥರ ಬಳಸಲು ಬಿಡಿ ಅನ್ನುವ ಆಯ್ಕೆ ಸೇರಿಸಿದರು. ಮೊದಲ ದಿನವೇ ಅದನ್ನು ಕೊಟ್ಟಿದ್ದರೆ ಎಷ್ಟು ಜನರ ನಿದ್ದೆ ಉಳಿಯುತ್ತಿತ್ತು!

ಅಕ್ಟೋಬರ್ ಅನ್ನುವ ತಿಂಗಳಿಗೂ ನಮಗೂ ಏನೋ ಹಗೆ ಇದೆ ಅನ್ನಿಸುತ್ತದೆ. ಸುಮ್ನೆ ತಾರೀಕು ನೋಡಿ. ವಿಂಡೋಸ್‌ನ ಪೆನ್ನು ಜಾರಿದ್ದು 2017ರ ಅಕ್ಟೋಬರ್ 17. ಮ್ಯಾಕ್‌ನ ಕ್ಯಾಟಲೀನಾ ಅನ್ನುವ ಆವೃತ್ತಿ ಬಂದಿದ್ದು 2019ರ ಅಕ್ಟೋಬರ್ 7. ವಿಂಡೋಸ್ 11 ಬಂದಿದ್ದು 2021ರ ಅಕ್ಟೋಬರ್ 5. ವಿಂಡೋಸ್ 10ರ ಬೆಂಬಲ ಮುಗಿದಿದ್ದು 2025ರ ಅಕ್ಟೋಬರ್ 14. ಕನ್ನಡದಲ್ಲಿ ಚಿತ್ರ ಬರೆದು ಬದುಕುವವರಿಗೆ ವರ್ಷದ ಸುಗ್ಗಿಯೂ ಅದೇ ಹೊತ್ತಿಗೆ. ಗಣಪತಿ ಹಬ್ಬದಿಂದ ಶುರುವಾದರೆ ದಸರಾ, ದೀಪಾವಳಿ ವಿಶೇಷಾಂಕ, ರಾಜ್ಯೋತ್ಸವದ ಬ್ಯಾನರು, ಟೀ ಶರ್ಟು. ಅಮೆರಿಕದವರಿಗೆ ನಮ್ಮ ಪಂಚಾಂಗ ಯಾಕೆ ಗೊತ್ತಿರಬೇಕು ಬಿಡಿ. ತಿಂಗಳ ಎರಡನೇ ಮಂಗಳವಾರ ಅಲ್ಲಿ ಬೆಳಗ್ಗೆ ಹತ್ತಕ್ಕೆ ವಿಂಡೋಸ್‌ನ ಮಾಮೂಲಿ ಅಪ್‌ಡೇಟ್ ಬಿಡುತ್ತಾರೆ, ಆಗ ನಮಗೆ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ. ಮಂಗಳವಾರ ಹೊಸ ಕೆಲಸ ಶುರು ಮಾಡಬೇಡ ಅಂತ ಅಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ.

ಮ್ಯಾಕ್‌ನವರ ಗೋಳು ಬೇರೆ ಥರ. ಕ್ಯಾಟಲೀನಾ ಬಂದಾಗ 32 ಬಿಟ್‌ನ ಹಳೆಯ ಸಾಫ್ಟ್‌ವೇರುಗಳೆಲ್ಲ ಒಮ್ಮೆಲೇ ನಿಂತವು. ಜೊತೆಗೆ ಟ್ಯಾಬ್ಲೆಟ್ ಡ್ರೈವರಿಗೆ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಕೊಡಬೇಕು, ಇಲ್ಲದಿದ್ದರೆ ಬಾಣದ ಗುರುತು ಓಡಾಡುತ್ತದೆ, ಗೆರೆ ಮಾತ್ರ ಬರುವುದಿಲ್ಲ. ಕೆಲವು ಸಲ ಅನುಮತಿಯ ಟಿಕ್ ಇದ್ದ ಹಾಗೇ ಕಾಣಿಸುತ್ತಿದ್ದರೂ ಕೆಲಸ ಮಾಡುವುದಿಲ್ಲ. ಆ ಹೆಸರನ್ನು ಪಟ್ಟಿಯಿಂದಲೇ ತೆಗೆದು ಮತ್ತೆ ಸೇರಿಸಬೇಕು. ಮೈಸೂರಲ್ಲಿರುವ ನನ್ನ ಗೆಳತಿಗೆ ಫೋನಿನಲ್ಲಿ ಇದನ್ನು ಮೂರು ಸಲ ಹೇಳಿಕೊಟ್ಟಿದ್ದೇನೆ. ಮೂರು ಸಲವೂ ಅವಳು "ಟಿಕ್ ಇದೆಯಲ್ಲೇ" ಅಂದಿದ್ದಾಳೆ.

ಹಾಗಾದರೆ ಇವೆರಡನ್ನೂ ಬಿಟ್ಟು ಲಿನಕ್ಸ್‌ಗೆ ಹೋಗಿ, ಅಲ್ಲಿ ಎಲ್ಲ ನಿಮ್ಮ ಕೈಯಲ್ಲೇ ಅನ್ನುವವರಿಗೆ 2023ರ ಕಥೆ ಹೇಳಬೇಕು. ಡೇವಿಡ್ ರೆವೋಯ್ ಅಂತ ಫ್ರಾನ್ಸಿನ ಕಾಮಿಕ್ಸ್ ಕಲಾವಿದರು, ಪೂರ್ತಿ ಸ್ವತಂತ್ರ ಸಾಫ್ಟ್‌ವೇರಿನಲ್ಲೇ ಕೆಲಸ ಮಾಡುವವರು. ಒಂದು ದಿನ ಲಿನಕ್ಸ್‌ನ ಕರ್ನಲ್ (ಅದರ ಒಳತಿರುಳು) ಅಪ್‌ಡೇಟ್ ಆದಮೇಲೆ ಅವರ ಪೆನ್ನಿನ ಮೇಲಿನ ಗುಂಡಿ ರಬ್ಬರ್ ಆಗಿಬಿಟ್ಟಿತು. ಮೊದಲು ಅದನ್ನು ಅವರು ರೈಟ್ ಕ್ಲಿಕ್‌ಗೆ ಇಟ್ಟುಕೊಂಡಿದ್ದರು. ಈಗ ಒತ್ತಿದರೆ ಅಳಿಸುತ್ತದೆ, ಬದಲಾಯಿಸಲು ಸೆಟ್ಟಿಂಗ್ಸ್‌ನಲ್ಲಿ ದಾರಿ ಇಲ್ಲ.

ಇದರ ಹಿಂದಿನ ಕಾರಣ ಓದಿ ನಾನು ನಕ್ಕುಬಿಟ್ಟೆ. ಪೆನ್ಸಿಲ್ಲಿನ ಹಿಂದೆ ರಬ್ಬರ್ ಇರುತ್ತದಲ್ಲ, ಹಾಗೆ ಕೆಲವು ಪೆನ್ನುಗಳಲ್ಲಿ ಹಿಂದಿನ ತುದಿ ರಬ್ಬರ್. ಪೆನ್ನನ್ನು ತಿರುಗಿಸಿ ಹಿಡಿದರೆ 'ನಾನು ಉಲ್ಟಾ ಆಗಿದ್ದೇನೆ' ಅಂತ ಅದು ಕಂಪ್ಯೂಟರಿಗೆ ಹೇಳುತ್ತದೆ. ಹಿಂದೆ ರಬ್ಬರ್ ಇಲ್ಲದ ಪೆನ್ನಿಗೂ ಅದೇ ಭಾಷೆ. ಗುಂಡಿ ಒತ್ತಿದಾಗ ಅದು 'ನಾನು ಎದ್ದು ಹೋದೆ, ಉಲ್ಟಾ ಆಗಿ ವಾಪಸ್ ಬಂದೆ' ಅಂತ ಸುಳ್ಳು ಹೇಳುತ್ತದೆ. ನಿಯಮವೇ ಹಾಗಿದೆ. ಹೊಸ ಕರ್ನಲ್ ಆ ಸುಳ್ಳನ್ನು ಪ್ರಾಮಾಣಿಕವಾಗಿ ನಂಬಿತು, ಅಷ್ಟೇ ಆಗಿದ್ದು. ಒಳ್ಳೆಯ ಸಂಗತಿ ಏನೆಂದರೆ, ಅವರು ಇದನ್ನು ಎಲ್ಲರೆದುರು ಹೇಳಿಕೊಂಡಮೇಲೆ ಕರ್ನಲ್‌ನ ಆ ಭಾಗ ನೋಡಿಕೊಳ್ಳುವವರೇ ಮುಂದೆ ಬಂದು, ಅವರ ಪೆನ್ನು ಏನೇನು ಹೇಳುತ್ತಿದೆ ಅನ್ನುವ ದಾಖಲೆ ತರಿಸಿಕೊಂಡು, ಸರಿಮಾಡುವ ದಾರಿ ಹುಡುಕಿದರು. ನನ್ನ ಕಂಪನಿಯ ಚಾಟ್‌ನವರು ಇವತ್ತಿಗೂ ವಿಡಿಯೋಗೆ ಕಾಯುತ್ತಿದ್ದಾರೆ.

ಗೆರೆ ಶುರುವಿನಲ್ಲಿ ತಡೆಯುವ ಕಾಟದ ಬಗ್ಗೆಯೂ ಹೇಳಿಬಿಡುತ್ತೇನೆ, ಇದು ಕನ್ನಡ ಬರೆಯುವ ಎಲ್ಲರಿಗೂ ಬೇಕಾದದ್ದು. ವಿಂಡೋಸ್‌ನಲ್ಲಿ ಪೆನ್ನು ಊರಿ ಹಿಡಿದರೆ ರೈಟ್ ಕ್ಲಿಕ್ ಅಂತ ಒಂದು ವ್ಯವಸ್ಥೆ ಇದೆ. ನೀವು ಊರಿದ ಕೂಡಲೇ ಅದು ಯೋಚನೆ ಮಾಡುತ್ತದೆ: ಇವಳು ಗೆರೆ ಎಳೆಯುತ್ತಾಳಾ, ಇಲ್ಲ ಹಾಗೇ ಹಿಡಿದುಕೊಳ್ಳುತ್ತಾಳಾ? ಸಣ್ಣ ಉಂಗುರ ಒಂದು ಮೂಡುತ್ತದೆ. ಉದ್ದ ಗೆರೆಯಾದರೆ ತಕ್ಷಣ ಬಿಟ್ಟುಕೊಡುತ್ತದೆ. ಆದರೆ 'ಅ'ದ ಸುಳಿಯಲ್ಲಿ ಕೈ ನಿಧಾನ, ಜಾಗ ಚಿಕ್ಕದು, ಅದಕ್ಕೆ ನಿರ್ಧಾರ ಮಾಡಲು ಆಗುವುದಿಲ್ಲ. ವಿಂಡೋಸ್ 7ರ ಕಾಲದಲ್ಲಿ ಇನ್ನೊಂದು ಇತ್ತು, ಫ್ಲಿಕ್ಸ್ ಅಂತ. ಪೆನ್ನನ್ನು ಚಕ್ಕನೆ ಬೀಸಿದರೆ ಪುಟ ಹಿಂದೆ ಮುಂದೆ ಹೋಗುವುದು. ಚಕ್ಕನೆ ಬೀಸುವ ಚಿಕ್ಕ ಗೆರೆ ಅಂದರೆ ನಮ್ಮಲ್ಲಿ ಏನು? ತಲೆಕಟ್ಟು! ಕಾಲೇಜಿನಲ್ಲಿದ್ದಾಗ ತಲೆಕಟ್ಟು ಹಾಕಲು ಹೋದರೆ ಗೆರೆಯ ಬದಲು ಬಾಣದ ಗುರುತು ಮೂಡಿ ಮಾಯವಾಗುತ್ತಿತ್ತು. ನನ್ನ ಕೈಯೇ ಸರಿಯಿಲ್ಲ ಅಂತ ಎಷ್ಟೋ ದಿನ ಅಂದುಕೊಂಡಿದ್ದೆ. ಕಂಟ್ರೋಲ್ ಪ್ಯಾನೆಲ್‌ನ ಪೆನ್ ಅಂಡ್ ಟಚ್‌ನಲ್ಲಿ ಊರಿ ಹಿಡಿಯುವುದನ್ನು ಆಫ್ ಮಾಡಿ. ಮತ್ತೆ ದೊಡ್ಡ ಅಪ್‌ಡೇಟ್ ಆದಮೇಲೆ ಅದು ಆಫ್ ಆಗಿಯೇ ಇದೆಯಾ ಅಂತ ಒಮ್ಮೆ ಇಣುಕಿ.

ನಮ್ಮ ಭಾವ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಪೆನ್ನಿಗೂ ಅವರ ಕಂಪನಿಗೂ ಸಂಬಂಧವಿಲ್ಲ, ಆದರೆ ಕೈಗೆ ಸಿಕ್ಕ ಸಾಫ್ಟ್‌ವೇರಿನವರು ಅವರೊಬ್ಬರೇ. ದೀಪಾವಳಿಗೆ ಬಂದಾಗ ಹೋಳಿಗೆ ಬಡಿಸುತ್ತಾ ಹಿಡಿದುಕೊಂಡೆ.

"ಭಾವ, ಅಪ್‌ಡೇಟ್ ಬಿಡೋಕೆ ಮುಂಚೆ ಒಂದು ಸಲ ಪೆನ್ನು ಹಿಡಿದು ನೋಡಲ್ವಾ ನಿಮ್ಮೋರು?"

"ನೋಡ್ತಾರೆ ಮಾರಾಯ್ತಿ. ಗೆರೆ ಬಂತಾ? ಬಂತು. ಟಿಕ್."

"ದಪ್ಪ ಸಣ್ಣ?"

"ಅದನ್ನ ಯಾರು ಕೇಳ್ತಾರೆ? ಎಷ್ಟೋ ಸಲ ಪೆನ್ನೇ ಇರಲ್ಲ. ಪ್ರೋಗ್ರಾಮ್ ಬರೆದು, ಪೆನ್ನು ಇದ್ದ ಹಾಗೆ ಗೆರೆ ಎಳೆಸ್ತಾರೆ. ಪ್ರಪಂಚದ ಎಲ್ಲ ಪೆನ್ನು ತಂದು ಒಂದೊಂದನ್ನೇ ನೋಡೋಕಾಗುತ್ತಾ? ತುಪ್ಪ ಹಾಕು."

ತುಪ್ಪ ಹಾಕಿದೆ. ಅವರು ಹೇಳಿದ್ದರಲ್ಲಿ ನಿಜ ಇದೆ. ನೂರು ಜನ ಕಂಪ್ಯೂಟರ್ ಬಳಸಿದರೆ ಪೆನ್ನು ಹಿಡಿಯುವವರು ಎಲ್ಲೋ ಒಬ್ಬಿಬ್ಬರು. ಅವರಲ್ಲೂ ಹೆಚ್ಚಿನವರಿಗೆ ಪೆನ್ನು ಅಂದರೆ ಸಹಿ ಹಾಕುವುದು, ಗುರುತು ಹಾಕುವುದು. ಅದಕ್ಕೇ ಅವರ ಲೆಕ್ಕದಲ್ಲಿ ಪೆನ್ನು ಒಂದು ಚೂಪಾದ ಬೆರಳು. ನನ್ನ ಜಗಳ ಇರುವುದೆಲ್ಲ ಅಲ್ಲೇ. ಬೆರಳು ತೋರಿಸುತ್ತದೆ, ಸರಿಸುತ್ತದೆ, ಒತ್ತುತ್ತದೆ. ಒತ್ತಿತೋ ಇಲ್ಲವೋ ಅಷ್ಟೇ ಅದರ ಉತ್ತರ. ಪೆನ್ನು ಎಷ್ಟು ಒತ್ತಿತು, ಎಷ್ಟು ವಾಲಿತು, ಎಲ್ಲಿ ಹಗುರಾಯಿತು ಅನ್ನುವುದರಲ್ಲಿಯೇ ನಮ್ಮ ಕೆಲಸ ಇದೆ. ಅದನ್ನು ಬಿಟ್ಟು ಉಳಿದದ್ದು ಫಾಂಟ್. ಬದಲಾಯಿಸಬೇಡಿ ಅನ್ನುತ್ತಿಲ್ಲ, ಬದಲಾಯಿಸುವ ಮುಂಚೆ ಹಳೆಯದನ್ನು ಉಳಿಸಿಕೊಳ್ಳುವ ಗುಂಡಿ ಒಂದು ಕಾಣುವ ಜಾಗದಲ್ಲಿ ಇಡಿ. ಮತ್ತೆ ಏನು ಬದಲಾಗಿದೆ ಅಂತ ಬಾಯಿಬಿಟ್ಟು ಹೇಳಿ. 'ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ' ಅಂತ ಒಂದು ಸಾಲು ಬರೆದು ಹೋದರೆ ನಾವು ಏನಂತ ತಿಳಿಯಬೇಕು?

ಹಾಗಂತ ಅಪ್‌ಡೇಟೇ ಬೇಡ ಅಂತ ಕೂರಲೂ ಆಗಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕು, ಅದೇ ಲ್ಯಾಪ್‌ಟಾಪಿನಲ್ಲಿ ಗಿರಾಕಿಗಳ ಫೈಲು. ಹಳೆಯ ವ್ಯವಸ್ಥೆಯಲ್ಲೇ ಉಳಿದು ವೈರಸ್ ತಂದುಕೊಂಡು ಎಲ್ಲ ಕಳೆದುಕೊಂಡ ಒಬ್ಬ ಫೋಟೋ ಸ್ಟುಡಿಯೋದವರನ್ನು ನಾನೇ ನೋಡಿದ್ದೇನೆ.

ಈಗ ನಾನು ಮಾಡುವುದು ಇಷ್ಟು. ಸರಿಯಾಗಿ ಕೆಲಸ ಮಾಡುತ್ತಿರುವ ಡ್ರೈವರಿನ ಫೈಲು ಪೆನ್‌ಡ್ರೈವ್‌ನಲ್ಲಿ ಇರುತ್ತದೆ, ಅದಕ್ಕೆ ದಾರ ಕಟ್ಟಿ ಮೇಜಿನ ಮೊಳೆಗೆ ನೇತುಹಾಕಿದ್ದೇನೆ. ಡ್ರೈವರಿನಲ್ಲೇ ಸೆಟ್ಟಿಂಗ್ಸ್ ಬ್ಯಾಕಪ್ ತೆಗೆಯುವ ಆಯ್ಕೆ ಇದ್ದರೆ ಅದರ ಪ್ರತಿಯೂ ಅಲ್ಲೇ. ಕೈಯಲ್ಲಿ ಗಡುವಿನ ಕೆಲಸ ಬಂದ ದಿನವೇ ಅಪ್‌ಡೇಟ್‌ಗೆ ತಡೆ ಹಾಕುತ್ತೇನೆ. ವಿಂಡೋಸ್‌ನಲ್ಲಿ ಐದು ವಾರದವರೆಗೆ ನಿಲ್ಲಿಸಿಡಬಹುದು, ಗಣಪತಿಯಿಂದ ದಸರಾಕ್ಕೆ ಹೆಚ್ಚು ಕಡಿಮೆ ಸಾಕಾಗುತ್ತದೆ. ಅಪ್‌ಡೇಟ್ ಆದಮೇಲೆ ಪೆನ್ನು ಸತ್ತರೆ ಮೊದಲು ಸರ್ವಿಸಸ್ ಪಟ್ಟಿಯಲ್ಲಿ ಟ್ಯಾಬ್ಲೆಟ್ಟಿನ ಸರ್ವಿಸ್ ಹುಡುಕಿ ರೀಸ್ಟಾರ್ಟ್ ಕೊಡುವುದು. ಅರ್ಧ ಸಲ ಅಷ್ಟರಲ್ಲೇ ಏಳುತ್ತದೆ. ಮೊದಲು ಬೇರೆ ಕಂಪನಿಯ ಹಲಗೆ ಬಳಸಿದ್ದರೆ ಅದರ ಡ್ರೈವರ್ ಬೇರು ಸಮೇತ ಕಿತ್ತುಹಾಕಿ, ಇಬ್ಬರು ಡ್ರೈವರುಗಳು ಒಂದೇ ಸೀಟಿಗೆ ಜಗಳ ಆಡುತ್ತಾರೆ. ಆಟೋ ಸ್ಟ್ಯಾಂಡಿನವರಿಗೆ ಈ ಮಾತು ಹೇಳಿದಾಗ ತುಂಬ ಹಿಡಿಸಿತು.

ಇನ್ನೊಂದು, 'ಪರೀಕ್ಷೆ' ಅಂತ ಒಂದು ಫೈಲು ಇಟ್ಟುಕೊಂಡಿದ್ದೇನೆ. ಬೆಳಗ್ಗೆ ಕಾಫಿ ಲೋಟ ಇಟ್ಟ ಕೂಡಲೇ ಅದನ್ನು ತೆರೆದು ಒಂದೇ ಒಂದು ಅಕ್ಷರ ಬರೆಯುತ್ತೇನೆ. 'ಜ್ಯೋ'. ಸುಳಿ ಬಂತಾ, ಯ ಒತ್ತಿನ ಹೊಟ್ಟೆ ಉಬ್ಬಿತಾ, ಬಾಲ ಸಣ್ಣಗಾಯಿತಾ. ಅಷ್ಟು ಸರಿಯಿದ್ದರೆ ಉಳಿದದ್ದೆಲ್ಲ ಸರಿಯಿರುತ್ತದೆ. ಈಗ ಆ ಫೈಲಿನಲ್ಲಿ ಮುನ್ನೂರು ಚಿಲ್ಲರೆ 'ಜ್ಯೋ' ಇವೆ, ಒಂದರ ಮೇಲೊಂದು, ಯಾರಾದರೂ ನೋಡಿದರೆ ಜ್ಯೋತಿಷ್ಯದವಳು ಅಂದುಕೊಳ್ಳಬೇಕು.

ಮೊನ್ನೆ ಆಟೋ ಸ್ಟ್ಯಾಂಡಿನ ಹುಡುಗ ಮತ್ತೆ ಫೋನ್ ಮಾಡಿದ್ದ. ಈ ವರ್ಷ 85 ಟೀ ಶರ್ಟಂತೆ. ಪಕ್ಕದ ಸ್ಟ್ಯಾಂಡಿನವರೂ ಸೇರಿಕೊಂಡಿದ್ದಾರೆ. ಈ ಸಲ ಇನ್ನೂ ಚೆನ್ನಾಗಿ ಬರೆದುಕೊಡುತ್ತೇನೆ, ಹೋದ ವರ್ಷ ಪೆನ್ನು ಕೈಕೊಟ್ಟಿತ್ತಲ್ಲ ಅಂದೆ.

"ಅಯ್ಯೋ ಬೇಡ ಅಕ್ಕಾ, ಹೋದ ವರ್ಷದ ಥರಾನೇ ಬೇಕು. ಎಲ್ರಿಗೂ ಅದೇ ಇಷ್ಟ ಆಗಿದ್ದು. ಎಷ್ಟು ನೀಟಾಗಿತ್ತು, ಥೇಟ್ ಪ್ರಿಂಟ್ ಥರ!"

ಹೂಂ ಅಂದೆ. ಮೌಸ್‌ಗೆ ಹೊಸ ಸೆಲ್ ತಂದಿಟ್ಟಿದ್ದೇನೆ.